ಹಳೇ ಕಾರ್ಟೂನ್ ಸರಣಿ, ಹೊಸ ಕಾರ್ಟೂನ್ ಸರಣಿ: ಯಾವುದು ನೋಡೋಣ, ಹೇಗೆ ನೋಡೋಣ?

ಹೇಮಾವತಿದಂಡೆ, ಹಾಸನ

ದಸರಾ ರಜೆಗೆ ಮಕ್ಕಳ ಜೊತೆ ಕೂತು ನೋಡೋಕೆ ಕಾರ್ಟೂನ್ ಸರಣಿಗಳ ಪಟ್ಟಿ ಮಾಡ್ತಿದೀನಿ. ಮಗಳಿಗೆ 6, ಮಗನಿಗೆ 11. 43 ಇಂಚಿನ ಟಿವಿ, ಮಾಡಿನ ಮೇಲೆ ಡಿಶ್, ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾ ಇದೆ. ರಟ್ಟಿನ ಡಬ್ಬದಲ್ಲಿ ಹಳೇ ವಿಸಿಡಿ, ಡಿವಿಡಿ, ನಾಲ್ಕೈದು ವಿಡಿಯೊ ಕ್ಯಾಸೆಟ್ಟೂ ಇವೆ.

ಹಳೇದೇ ಚೆಂದ ಅನ್ನೋರು ಯಾಕೆ ಚೆಂದ ಅಂತ ಬಿಡಿಸಿ ಹೇಳಿ. ಹೊಸದೇ ಮೇಲು ಅನ್ನೋರೂ ಹಾಗೇ. "ನಮ್ಮ ಕಾಲದ್ದು" ಅನ್ನೋ ಕಾರಣ ಒಂದನ್ನ ಬಿಟ್ಟು ಏನು ಬೇಕಾದ್ರೂ ಬರೀರಿ. ಹಳೇದೆಲ್ಲ ಟಿವೀಲಿ ಮಸುಕಾಗಿ, ಎಲ್ಲರ ಮುಖ ಅಗಲವಾಗಿ ಕಾಣುತ್ತೆ. ಅದು ಹಳೇದರ ದೋಷವೋ ಟಿವಿಯ ದೋಷವೋ ಅಂತಲೂ ತಿಳೀಬೇಕು.

ಕಾಫಿಕಣ, ಮೂಡಿಗೆರೆ

ಅಗಲ ಮುಖದ್ದು ಮೊದಲು ಸರಿ ಮಾಡೋಣ ಮೇಡಂ. ಅದು ಸರಿಯಾಗದೆ ಹಳೇ ಕಾರ್ಟೂನಿನ ಬಗ್ಗೆ ಅಭಿಪ್ರಾಯ ಹೇಳೋದೇ ತಪ್ಪಾಗುತ್ತೆ.

2000ದ ಆಸುಪಾಸಿನವರೆಗೆ ಬಂದ ಟಿವಿ ಕಾರ್ಟೂನುಗಳ ಚೌಕಟ್ಟು 4:3. ಈಗಿನ ಟಿವಿ 16:9. ಪೂರ್ತಿ ಪರದೆ ತುಂಬಿಸೋಕೆ ಎಳೆದರೆ ಅಗಲ ಮೂರನೇ ಒಂದು ಭಾಗ ಹೆಚ್ಚಾಗುತ್ತೆ. ಝೂಮ್ ಮಾಡಿ ತುಂಬಿಸಿದರೆ ಎತ್ತರದಲ್ಲಿ ಕಾಲು ಭಾಗ ಕತ್ತರಿಸಿ ಹೋಗುತ್ತೆ. ಪರೀಕ್ಷೆ ಸುಲಭ: ಚಕ್ರ, ಚೆಂಡು, ಹುಣ್ಣಿಮೆ ಚಂದ್ರ ಯಾವುದಾದ್ರೂ ಬಂದಾಗ ನಿಲ್ಲಿಸಿ, ಪರದೆ ಮೇಲೆ ಅಳತೆಪಟ್ಟಿ ಇಡಿ. ಎತ್ತರ 15 ಸೆಂ.ಮೀ. ಇದ್ದು ಅಗಲ 20 ಬಂದರೆ ಎಳೆದಿದೆ ಅಂತಲೇ ಅರ್ಥ.

ಎಳೆಯೋದು ಡಿಶ್ ಪೆಟ್ಟಿಗೆ, ಟಿವಿ, ವಾಹಿನಿ ಹೀಗೆ ಮೂರು ಜಾಗದಲ್ಲಿ ಆಗಬಹುದು. ಡಿಶ್ ಪೆಟ್ಟಿಗೆ ಎಳೆದು 16:9 ಮಾಡಿ ಕಳಿಸಿದರೆ, ಟಿವಿಗೆ ಅದು ಮೊದಲೇ ಅಗಲವಾದ ಚಿತ್ರವಾಗಿಯೇ ಬರುತ್ತೆ. ಆಗ ಟಿವೀಲಿ "ಒರಿಜಿನಲ್" ಒತ್ತಿದರೂ ಬದಲಾಗಲ್ಲ. ಆದ್ದರಿಂದ ಮೊದಲು ಪೆಟ್ಟಿಗೆಯ ಸೆಟ್ಟಿಂಗಲ್ಲಿ ಆಸ್ಪೆಕ್ಟ್ ರೇಷಿಯೋ (ಅಗಲ ಎತ್ತರದ ಪ್ರಮಾಣ) ಪಿಲ್ಲರ್‌ಬಾಕ್ಸ್‌ಗೆ, ಅಂದ್ರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರೋ ಆಯ್ಕೆಗೆ ಹಾಕಿ, ಆಮೇಲೆ ಟಿವಿಗೆ ಬನ್ನಿ. ವಾಹಿನಿಯೇ ಎಳೆದು ಬಿತ್ತರಿಸ್ತಿದ್ರೆ ಟಿವಿಯನ್ನ 4:3ಕ್ಕೆ ಹಾಕಿ, ಚಿತ್ರ ಮತ್ತೆ ಒಳಗೆ ಕುಗ್ಗಿ ಸರಿಹೋಗುತ್ತೆ. ವಾಹಿನಿಯೇ ಕತ್ತರಿಸಿದ್ರೆ ಮಾತ್ರ ಏನೂ ಮಾಡೋಕಾಗಲ್ಲ ಮಾರಾಯ್ರೆ, ಹೋದದ್ದು ಹೋಯ್ತು.

ಎರಡೂ ಪಕ್ಕ ಕಪ್ಪು ಪಟ್ಟಿ ಬಂದ್ರೆ "ಟಿವಿ ದುಡ್ಡು ದಂಡ" ಅಂತ ಮನೆಯವರು ಗೊಣಗಬಹುದು. ನಿಮ್ಮ 43 ಇಂಚಿನಲ್ಲಿ 4:3 ಚಿತ್ರ ಸುಮಾರು 71 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ ಬರುತ್ತೆ. ಅಂದ್ರೆ ಒಂದು 35 ಇಂಚಿನ ಹಳೇ ಟಿವಿಯಷ್ಟು. ಆ ಕಾಲದಲ್ಲಿ ಅಷ್ಟು ದೊಡ್ಡದು ಯಾರ ಮನೇಲೂ ಇರ್ತಿರಲಿಲ್ಲ.

ಬಾಬಾಬುಡನ್, ಚಿಕ್ಕಮಗಳೂರು

ಕಾಫಿಕಣ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸ್ತೀನಿ. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ 'ದಿ ಸಿಂಪ್ಸನ್ಸ್'ನ ಹಳೇ ಕಂತುಗಳನ್ನೆಲ್ಲ 16:9ಕ್ಕೆ ಕತ್ತರಿಸಿ ಹಾಕಿದ್ರು. ಬಿಯರ್ ಕಾರ್ಖಾನೆಯ ಒಂದು ದೃಶ್ಯದಲ್ಲಿ ಮೂರು ಬೇರೆ ಬೇರೆ ಹೆಸರಿನ ಪೀಪಾಯಿಗಳಿಗೆ ಮೇಲಿನ ಒಂದೇ ಕೊಳವೆಯಿಂದ ಒಂದೇ ಬಿಯರ್ ಹರಿಯುತ್ತೆ. ಇಡೀ ತಮಾಷೆ ಆ ಕೊಳವೆಯಲ್ಲೇ ಇತ್ತು. ಕತ್ತರಿಸಿದಾಗ ಕೊಳವೆ ಹೋಯ್ತು, ತಮಾಷೆಯೂ ಹೋಯ್ತು. ಜನ ಬಿಡದೆ ಕೇಳಿದ ಮೇಲೆ 2020ರ ಮೇನಲ್ಲಿ 4:3 ಆಯ್ಕೆ ಕೊಟ್ಟರು. ಆ ಗುಂಡಿ ಆಯಾ ಸರಣಿಯ ವಿವರದ ಪುಟದಲ್ಲಿ ಇರುತ್ತೆ, ಟಿವಿಯ ಸೆಟ್ಟಿಂಗಲ್ಲಲ್ಲ.

'ಡ್ರ್ಯಾಗನ್ ಬಾಲ್ ಝಡ್'ದೂ ಇದೇ ಕತೆ. 2007ರಿಂದ ಬಂದ ಕಿತ್ತಳೆ ಬಣ್ಣದ ಪೆಟ್ಟಿಗೆಯ ಡಿವಿಡಿಗಳಲ್ಲಿ ಚಿತ್ರದ ಮೇಲೆ ಕೆಳಗೆ ಕತ್ತರಿಸಿ, ಫಿಲ್ಮಿನ ಸಣ್ಣ ಚುಕ್ಕೆಗಳನ್ನ (ಗ್ರೇನ್) ಅಳಿಸೋಕೆ ಹೋಗಿ ಗೆರೆಗಳನ್ನೂ ಅಳಿಸಿಬಿಟ್ಟಿದ್ರು. ಅದನ್ನ ನೋಡಿ "ಹಳೇ ಅನಿಮೆ (ಜಪಾನಿ ಕಾರ್ಟೂನ್) ಸಪ್ಪೆ" ಅಂದೋರು ಬಹಳ ಜನ.

ಹೊಯ್ಸಳಶಿಲೆ, ಹಳೇಬೀಡು

"ಹಳೆಯದು" ಎಂದು ಒಂದೇ ಮೂಟೆಗೆ ಕಟ್ಟುವುದರಲ್ಲೇ ಗೊಂದಲವಿದೆ. ಟಾಮ್ ಅಂಡ್ ಜೆರ್ರಿ ಟಿವಿಗಾಗಿ ಮಾಡಿದ್ದಲ್ಲ. ಅದು 1940ರಲ್ಲಿ ಶುರುವಾದದ್ದು ಚಿತ್ರಮಂದಿರದಲ್ಲಿ, ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸುವ ಏಳು ನಿಮಿಷದ ತುಣುಕಾಗಿ. ಸೆಕೆಂಡಿಗೆ 24 ಫ್ರೇಮ್. ಏಳು ನಿಮಿಷಕ್ಕೆ 10,080 ಫ್ರೇಮ್ ಆಯಿತು. ಎರಡು ಫ್ರೇಮಿಗೊಂದು ಚಿತ್ರವೆಂದರೂ ಐದು ಸಾವಿರ ಚಿತ್ರ, ಅದೂ ಒಂದೇ ಪಾತ್ರಕ್ಕೆ. ಹ್ಯಾನಾ ಮತ್ತು ಬಾರ್ಬೆರಾ ಎಂಜಿಎಂ ಸ್ಟುಡಿಯೊದಲ್ಲಿ 1958ರವರೆಗೆ ಇಂಥ 114 ತುಣುಕು ಮಾಡಿದರು, ಏಳು ಆಸ್ಕರ್ ಬಂತು.

ಅದೇ ಇಬ್ಬರು 1957ರಲ್ಲಿ ಸ್ವಂತ ಕಂಪನಿ ಕಟ್ಟಿ ಟಿವಿಗೆ ಬಂದಾಗ ಆ ದುಡ್ಡೂ ಇಲ್ಲ, ಆ ಸಮಯವೂ ಇಲ್ಲ. ಆಗ ಕಂಡುಕೊಂಡ ಉಪಾಯವೇ ಮಿತ ಅನಿಮೇಷನ್. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮವರಿಗೆ ತೊಗಲುಗೊಂಬೆ ಆಟಕ್ಕಿಂತ ಒಳ್ಳೆಯ ದಾರಿ ಇಲ್ಲ. ಗೊಂಬೆಯ ಮೈ ಹಾಗೇ ನಿಂತಿರುತ್ತದೆ, ಭುಜದ ಕೀಲು, ಮೊಣಕೈ ಕೀಲು ಮಾತ್ರ ಆಡುತ್ತದೆ. ಉಳಿದದ್ದನ್ನು ಭಾಗವತರ ದನಿ ತುಂಬುತ್ತದೆ. ಆ ಇಬ್ಬರ 'ಫ್ಲಿಂಟ್‌ಸ್ಟೋನ್ಸ್' ಸರಣಿಯಲ್ಲೂ ಅದೇ. ನಾಯಕ ಫ್ರೆಡ್‌ನ ಮೈ ಒಂದು ಸೆಲ್ (ಪಾರದರ್ಶಕ) ಹಾಳೆಯ ಮೇಲೆ, ತಲೆ ಇನ್ನೊಂದರ ಮೇಲೆ, ಬಾಯಿ ಮತ್ತೊಂದರ ಮೇಲೆ. ಅವನ ಕುತ್ತಿಗೆಗೆ ಟೈ, ಯೋಗಿ ಕರಡಿಗೆ ಕಾಲರ್ ಇರುವುದು ಶೋಕಿಗಲ್ಲ. ತಲೆಯ ಹಾಳೆ ಮೈಯ ಹಾಳೆಗೆ ಕೂಡುವ ಗೆರೆ ಅಲ್ಲಿ ಮುಚ್ಚಿಹೋಗಲಿ ಎಂದು.

11 ವರ್ಷದ ಹುಡುಗನಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಡಿಸ್ಕನ್ನು ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಹಾಕಿ, ನಿಲ್ಲಿಸಿ, 'ಇ' ಕೀಲಿ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ಒಂದು ಫ್ರೇಮ್ ಮುಂದಕ್ಕೆ ಹೋಗುತ್ತದೆ. ಯೂಟ್ಯೂಬಿನಲ್ಲಾದರೆ ನಿಲ್ಲಿಸಿ ಪೂರ್ಣವಿರಾಮದ ಕೀಲಿ. ಎಷ್ಟು ಒತ್ತಿಗೆ ಚಿತ್ರ ಬದಲಾಯಿತು ಎಂದು ಅವನೇ ಎಣಿಸಲಿ. ಟಾಮ್ ಓಡುವಾಗ ಒಂದೆರಡು ಒತ್ತಿಗೇ ಇಡೀ ಮೈ ಬದಲಾಗುತ್ತದೆ. ಫ್ರೆಡ್ ಮಾತಾಡುವಾಗ ಹತ್ತಾರು ಒತ್ತಿಗೂ ಬಾಯಿ ಮಾತ್ರ. 1963ರ ಜನವರಿ 1ರಂದು ಜಪಾನಿನಲ್ಲಿ ಶುರುವಾದ ತೆಜ಼ುಕಾ ಅವರ 'ಆಸ್ಟ್ರೋ ಬಾಯ್'ನಲ್ಲಿ ಮೂರು ಫ್ರೇಮಿಗೊಂದು ಚಿತ್ರ, ಅಂದರೆ ಸೆಕೆಂಡಿಗೆ ಎಂಟು. ಒಮ್ಮೆ ಬರೆದ ಹಾಳೆಗಳನ್ನು ಕೂಡಿಟ್ಟು ಬೇರೆ ಕಂತುಗಳಿಗೂ ಬಳಸುತ್ತಿದ್ದರು. ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಲು ಬೇರೆ ದಾರಿ ಇರಲಿಲ್ಲ. ಹಾಗೆ 193 ಕಂತು ಬಂತು.

ಇನ್ನೊಂದು ಆಟ: ಬಂಡೆಗಳ ಸಾಲಿನಲ್ಲಿ ಯಾವುದು ಉರುಳಲಿದೆ, ಪುಸ್ತಕದ ಕಪಾಟಿನಲ್ಲಿ ಯಾವುದು ಗುಪ್ತ ಬಾಗಿಲು ಎಂದು ಮೊದಲೇ ಹೇಳಿಬಿಡಬಹುದು. ಹಿನ್ನೆಲೆಯನ್ನು ಕುಂಚದಲ್ಲಿ ನೆರಳು ಬೆಳಕಿನೊಂದಿಗೆ ಬರೆದಿರುತ್ತಾರೆ. ಅಲುಗಾಡುವ ವಸ್ತು ಸೆಲ್ ಮೇಲೆ ಚಪ್ಪಟೆ ಬಣ್ಣದಲ್ಲಿ ಬರುತ್ತದೆ, ಹಾಗಾಗಿ ಒಂದು ಛಾಯೆ ತಿಳಿಯಾಗಿ ಕಾಣುತ್ತದೆ. 1969ರ 'ಸ್ಕೂಬಿ ಡೂ'ದ ಮೊದಲ 25 ಕಂತುಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಓಡುವ ದೃಶ್ಯದಲ್ಲಿ ಅದೇ ಕಿಟಕಿ ಎಷ್ಟು ಸಲ ಬಂತೆಂದೂ ಎಣಿಸಬಹುದು.

ನನ್ನ ಅಭಿಪ್ರಾಯ: ಮಿತ ಅನಿಮೇಷನ್ ಬಡತನವಲ್ಲ, ಬೇರೆಯ ಕಲೆ. ಚಿತ್ರ ಕಡಿಮೆಯಾದಾಗ ಬರವಣಿಗೆ, ದನಿ, ಪಾತ್ರದ ರೂಪರೇಖೆ ಗಟ್ಟಿಯಾಗಲೇಬೇಕು. ಫ್ಲಿಂಟ್‌ಸ್ಟೋನ್ಸ್ 166 ಕಂತು ನಿಂತದ್ದು ಅದರಿಂದ.

ಬಾಬಾಬುಡನ್, ಚಿಕ್ಕಮಗಳೂರು

ತೊಗಲುಗೊಂಬೆ ಹೋಲಿಕೆ ಒಪ್ಪಿದೆ ಸರ್, ಆದರೆ ಅದು ಹೊಸದಕ್ಕೇ ಇನ್ನೂ ಚೆನ್ನಾಗಿ ಹೊಂದುತ್ತೆ. ಈಗಿನ 2ಡಿ ಸರಣಿಗಳಲ್ಲಿ ಬಹುಪಾಲು ಕಂಪ್ಯೂಟರಿನೊಳಗೆ ಕೀಲು ಜೋಡಿಸಿದ ಗೊಂಬೆಗಳೇ. ಒಮ್ಮೆ ಗೊಂಬೆ ಕಟ್ಟಿದ್ರೆ ಕೈ, ಕಣ್ಣು, ಹುಬ್ಬು ಎಲ್ಲ ಎಳೆದು ಆಡಿಸಬಹುದು. ಸೋಮಾರಿತನ ಮಾಡಿದ್ರೆ ಪಾತ್ರ ಯಾವಾಗಲೂ ಒಂದೇ ಮುಕ್ಕಾಲು ಮಗ್ಗುಲಲ್ಲಿ ನಿಂತು, ತಿರುಗುವಾಗ ಟಕ್ ಅಂತ ಕನ್ನಡಿಯಲ್ಲಿ ತಿರುಗಿದ ಹಾಗೆ ಆಗುತ್ತೆ. ಚೆನ್ನಾಗಿ ಮಾಡಿದ್ರೆ 'ಬ್ಲೂಯಿ' ಆಗುತ್ತೆ. 2018ರಿಂದ ಬ್ರಿಸ್ಬೇನ್‌ನಲ್ಲಿ ಮಾಡ್ತಿದಾರೆ, ಕಂತು ಏಳು ನಿಮಿಷ. 6 ವರ್ಷದ ಮಗಳಿಗೆ ನನ್ನ ಮೊದಲ ಸಲಹೆ ಅದೇ. ನಾಯಿಮರಿ ಮಕ್ಕಳು ಆಡೋ ಆಟಗಳಿಗೆಲ್ಲ ಮನೆಯ ಸಾಮಾನೇ ಸಾಕು, ಟಿವಿ ಆರಿಸಿದ ಮೇಲೆ ಅದೇ ಆಟ ಹಜಾರದಲ್ಲಿ ಆಡಬಹುದು.

ಹೊಸದರ ನಿಜವಾದ ಬಲ ಕತೆ ಬೆಳೆಯೋದರಲ್ಲಿದೆ. ಹಳೇ ಸರಣಿಗಳನ್ನ ಯಾವ ಕ್ರಮದಲ್ಲಾದ್ರೂ ಬಿತ್ತರಿಸೋ ಹಾಗೆ ಕಟ್ಟಿದ್ರು. ಕಂತು ಮುಗಿದಾಗ ಎಲ್ಲ ಮೊದಲಿನ ಹಾಗೇ ಆಗ್ಬೇಕು. 2005ರಿಂದ 2008ರವರೆಗೆ ಬಂದ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಹಾಗಲ್ಲ. 61 ಕಂತು, ಮೂರು ಪರ್ವ, 20, 20, 21. ಮೊದಲ ಪರ್ವದಲ್ಲಿ ಬೆನ್ನಟ್ಟಿ ಬರೋ ರಾಜಕುಮಾರನೇ ಮೂರನೇ ಪರ್ವದ ಹೊತ್ತಿಗೆ ಬೇರೆ ಮನುಷ್ಯ ಆಗಿರ್ತಾನೆ. ನಡುವೆ ಎರಡು ಕಂತು ಬಿಟ್ಟರೆ ಆ ಬದಲಾವಣೆ ಅರ್ಥವಾಗಲ್ಲ. ನಿಮ್ಮ 11ರ ಹುಡುಗನಿಗೆ ದಿನಕ್ಕೆ ಎರಡರಂತೆ ಒಂದು ತಿಂಗಳು. ದಸರಾ ರಜೆಗೆ ಮೊದಲ ಪರ್ವ ಮುಗಿಸಬಹುದು, ಉಳಿದದ್ದು ವಾರಾಂತ್ಯಕ್ಕೆ.

'ಆರ್ಕೇನ್' ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೆ ಈಗಲೇ ಬರೀತೀನಿ. 2021 ಮತ್ತು 2024ರಲ್ಲಿ ಒಂಬತ್ತೊಂಬತ್ತು ಕಂತು. 3ಡಿ ಮಾದರಿಗಳ ಮೇಲೆ ಕೈಯಿಂದ ಬಣ್ಣ ಬರೆದು, ಹೊಗೆ ಬೆಂಕಿ ಎಲ್ಲ 2ಡಿಯಲ್ಲಿ ಸೇರಿಸಿದ್ದಾರೆ. ನೋಟಕ್ಕೆ ಈಗಿನ ಟಿವಿ ಅನಿಮೇಷನ್ನಿನ ತುದಿ ಅದು. ಆದರೆ ರಕ್ತ, ಸಾವು ಇದೆ. ದೊಡ್ಡವರಿಗೆ ಮಾತ್ರ.

ತುಂಗಾತೀರ, ಶೃಂಗೇರಿ

ವೇಗದ ವಿಷಯ ಯಾರೂ ಎತ್ತಿಲ್ಲ. ಚಿಕ್ಕವರಿಗೆ ಹಳೆಯದೋ ಹೊಸದೋ ಅನ್ನುವುದಕ್ಕಿಂತ ಅದೇ ಮುಖ್ಯ. 2011ರಲ್ಲಿ ಅಮೆರಿಕದಲ್ಲಿ 60 ಮಕ್ಕಳ ಮೇಲೆ, ಎಲ್ಲರೂ 4 ವರ್ಷದವರು, ಒಂದು ಅಧ್ಯಯನ ನಡೆಯಿತು. ಕೆಲವರಿಗೆ 'ಸ್ಪಾಂಜ್‌ಬಾಬ್' 9 ನಿಮಿಷ, ಕೆಲವರಿಗೆ ನಿಧಾನದ ಒಂದು ಕಾರ್ಟೂನ್ 9 ನಿಮಿಷ, ಇನ್ನು ಕೆಲವರು ಸುಮ್ಮನೆ ಚಿತ್ರ ಬರೆದರು. ಮೊದಲನೆಯದರಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲು, ಎರಡನೆಯದರಲ್ಲಿ 34 ಸೆಕೆಂಡಿಗೊಮ್ಮೆ. ಆ ಕೂಡಲೇ ಕೊಟ್ಟ ಗಮನ ಮತ್ತು ತಾಳ್ಮೆಯ ಪರೀಕ್ಷೆಗಳಲ್ಲಿ ಮೊದಲ ಗುಂಪು ಹಿಂದೆ ಬಿತ್ತು. ಇದು ನೋಡಿದ ತಕ್ಷಣದ ಪರಿಣಾಮ ಮಾತ್ರ, ಮುಂದೆ ಮಕ್ಕಳು ಹಾಳಾಗುತ್ತಾರೆ ಎಂದು ಅದು ಹೇಳುವುದಿಲ್ಲ. ಆದರೂ ಊಟಕ್ಕೆ ಕೂರಿಸುವ ಮುಂಚೆ, ಪಾಠಕ್ಕೆ ಮುಂಚೆ ಯಾವುದನ್ನು ಹಾಕಬಾರದು ಎಂದು ತಿಳಿಯಲು ಸಾಕು.

ನೀವೇ ಅಳೆಯಬಹುದು. ಮೊಬೈಲಿನಲ್ಲಿ ಎರಡು ನಿಮಿಷ ಟೈಮರ್ ಇಟ್ಟು, ಜಾಗ ಬದಲಾದಾಗಲೆಲ್ಲ ಒಂದು ಗೆರೆ ಹಾಕಿ. 120ನ್ನು ಆ ಗೆರೆಗಳಿಂದ ಭಾಗಿಸಿ. ಹತ್ತರ ಆಸುಪಾಸು ಬಂದರೆ ಮಲಗುವ ಮುಂಚೆ ಬೇಡ. ಟಾಮ್ ಅಂಡ್ ಜೆರ್ರಿ ಹಳೆಯದಾದರೂ ಓಟ ಜೋರು, ಬ್ಲೂಯಿ ಹೊಸದಾದರೂ ಉಸಿರಾಡಲು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ, ಒಂದು ವರ್ಷದವರಿಗೆ ಬೇಡವೇ ಬೇಡ. ಆರು ವರ್ಷದವಳಿಗೆ ಆ ಮಿತಿ ನೇರವಾಗಿ ಅನ್ವಯಿಸದು, ಆದರೂ ಏಳು ನಿಮಿಷದ ನಾಲ್ಕು ಕಂತು ಸಾಕೆಂಬುದು ನನ್ನ ಎಣಿಕೆ.

ಕೋಣೆಯ ದೀಪ ಆರಿಸಿ ನೋಡಬೇಡಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್'ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಕೆಲವು ಸೆಕೆಂಡು ಪಟಪಟ ಹೊಡೆದು 685ರಷ್ಟು ಜನರನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಮೇಲೆ ಅಲ್ಲಿ ಮಿನುಗಿಗೆ ಕಟ್ಟುನಿಟ್ಟಿನ ನಿಯಮ ಬಂತು. ಹೊಸ ಸರಣಿಗಳಲ್ಲಿ ಅಂಥ ದೃಶ್ಯವನ್ನು ಮಬ್ಬು ಮಾಡಿರುತ್ತಾರೆ. ಅದಕ್ಕೂ ಹಿಂದಿನವಕ್ಕೆ ಆ ಕಾವಲು ಇಲ್ಲ. ಮಲೆನಾಡಿನ ಮಳೆಗಾಲದ ಮಧ್ಯಾಹ್ನ ಮನೆಯೊಳಗೆ ಹೇಗೂ ಕತ್ತಲು, ಟಿವಿಯ ಹಿಂದೆ ಒಂದು 5 ವಾಟಿನ ಬಲ್ಬ್ ಉರಿಸಿಡಿ. ಕಣ್ಣಿಗೂ ತಂಪು.

ಹೇಮಾವತಿದಂಡೆ, ಹಾಸನ

ಎಣಿಸೋ ಆಟ ಇಬ್ಬರಿಗೂ ಹಿಡಿಸುತ್ತೆ. ಎರಡು ಪ್ರಶ್ನೆ. ಕನ್ನಡದಲ್ಲಿ ನೋಡೋದು ಹೇಗೆ? ಇನ್ನೊಂದು, ಆಕಾರ ಸರಿ ಮಾಡಿದ ಮೇಲೂ ಟಾಮ್ ಓಡುವಾಗ ಕಾಲಿನ ಸುತ್ತ ನೀರಿನ ಅಲೆ ಥರ ಏನೋ ಕದಡುತ್ತೆ. ಅದೇನು?

ಕಾಫಿಕಣ, ಮೂಡಿಗೆರೆ

ಅಲೆ ಬರೋದು ಟಿವಿಯಿಂದ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನ ಊಹಿಸಿ ತುಂಬಿಸೋ ಸೌಲಭ್ಯ ಅದು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗಿನಲ್ಲಿ ಪಿಕ್ಚರ್ ಕ್ಲ್ಯಾರಿಟಿ, ಬಹಳಷ್ಟು ಆಂಡ್ರಾಯ್ಡ್ ಟಿವಿಗಳಲ್ಲಿ ಎಂಇಎಂಸಿ ಅಂತ ಇರುತ್ತೆ. ಕ್ರಿಕೆಟ್ಟಿಗೆ ಸರಿ. ಕಾರ್ಟೂನಿನಲ್ಲಿ ಸೆಕೆಂಡಿಗೆ 12 ಚಿತ್ರ ಇರೋದರಿಂದ ಒಂದರಿಂದ ಇನ್ನೊಂದಕ್ಕೆ ಕಾಲು ತುಂಬ ದೂರ ಹಾರಿರುತ್ತೆ. ಟಿವಿಗೆ ಯಾವ ಗೆರೆ ಎಲ್ಲಿಗೆ ಹೋಯ್ತು ಗೊತ್ತಾಗದೆ ಕಲಸಿಬಿಡುತ್ತೆ. ಪೂರ್ತಿ ಆಫ್ ಮಾಡಿ, "ಕಡಿಮೆ" ಅಲ್ಲ. ಹಳೇದು ಹೊಸದು ಎರಡಕ್ಕೂ ಇದೇ ಮಾತು. ಯೂಟ್ಯೂಬಲ್ಲಿ "60 ಎಫ್‌ಪಿಎಸ್", "4ಕೆ ಎಐ" ಅಂತ ಹಾಕಿರೋ ಹಳೇ ಕಾರ್ಟೂನುಗಳನ್ನೂ ಬಿಡಿ. ಅದೇ ಕಲಸಾಟವನ್ನ ಮೊದಲೇ ಮಾಡಿಟ್ಟಿರ್ತಾರೆ, ಕಣ್ಣು, ಬೆರಳು, ಬೋರ್ಡಿನ ಅಕ್ಷರ ಎಲ್ಲ ಕರಗಿರುತ್ತೆ.

ಚಿತ್ರದ ಮೋಡ್ ವಿವಿಡ್‌ನಿಂದ ಸಿನಿಮಾಗೆ ತನ್ನಿ, ಬಣ್ಣದ ಉಷ್ಣತೆ ವಾರ್ಮ್. ಶಾರ್ಪ್‌ನೆಸ್ ಹೆಚ್ಚು ಕಡಿಮೆ ಸೊನ್ನೆಗೆ, ಇಲ್ಲದಿದ್ರೆ ಪ್ರತಿ ಕಪ್ಪು ಗೆರೆ ಪಕ್ಕ ಒಂದು ಬಿಳಿ ಗೆರೆ ಹುಟ್ಟುತ್ತೆ. ನಾಯ್ಸ್ ರಿಡಕ್ಷನ್ ಆಫ್. ಮಳೆ ಹೊಡೆದು ತಗಡಿನ ಮಾಡು ಸದ್ದು ಮಾಡುವಾಗ ಮಾತು ಕೇಳದಿದ್ರೆ ವಾಲ್ಯೂಮ್ ಏರಿಸೋ ಮುಂಚೆ ಧ್ವನಿಯನ್ನ 5.1ರಿಂದ ಸ್ಟೀರಿಯೋಗೆ ಬದಲಿಸಿ. ಹೊಸ ಸರಣಿಗಳಲ್ಲಿ ಮಾತು ನಡುವಿನ ಸ್ಪೀಕರಿಗೆ ಇರುತ್ತೆ, ಟಿವಿಯ ಎರಡು ಸ್ಪೀಕರಿಗೆ ಇಳಿಸುವಾಗ ಅದೇ ಸಣ್ಣದಾಗೋದು.

ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗೋದು ತಪ್ಪಲ್ಲ. ಆ ತರಂಗಾಂತರವನ್ನ ಮಳೆಹನಿಯೇ ಹೀರುತ್ತೆ. ಆದರೆ ಮಳೆ ನಿಂತು ಅರ್ಧ ಗಂಟೆಯಾದರೂ ಬರದಿದ್ರೆ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯೋ ತುಂಡು) ಹತ್ತಿರದ ಕನೆಕ್ಟರಿಗೆ ನೀರು ಇಳಿದಿರೋ ಸಂಭವ ಹೆಚ್ಚು. ಒರೆಸಿ, ಒಣಗಿಸಿ, ರಬ್ಬರ್ ಟೇಪ್ ಸುತ್ತಿ, ವೈರಿಗೆ ಕೆಳಗೊಂದು ಬಳುಕು ಬಿಡಿ.

ತುಂಗಾತೀರ, ಶೃಂಗೇರಿ

ಕನ್ನಡಕ್ಕೆ ಬರೋಣ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಮಕ್ಕಳಿಗೆ ಇಡೀ ದಿನ ಕನ್ನಡದಲ್ಲಿ ಕಾರ್ಟೂನ್ ಸಿಕ್ಕಿತು. ಅಲ್ಲಿಯವರೆಗೆ ದೂರದರ್ಶನದ 'ಜಂಗಲ್ ಬುಕ್', 'ಡಕ್‌ಟೇಲ್ಸ್' ಎಲ್ಲ ನಮ್ಮ ಊರುಗಳಿಗೆ ಹಿಂದಿಯಲ್ಲೇ ಬಂದದ್ದು. (ಆ ಜಂಗಲ್ ಬುಕ್ ಜಪಾನಿನ ನಿಪ್ಪಾನ್ ಅನಿಮೇಷನ್ 1989ರಲ್ಲಿ ಮಾಡಿದ 52 ಕಂತಿನ ಸರಣಿ. ಅಮೆರಿಕದ್ದೆಂದು ಎಷ್ಟೋ ಜನ ನಂಬಿದ್ದಾರೆ.)

ಕನ್ನಡ ಡಬ್ಬಿಂಗ್ ಎಲ್ಲಿ ಕೆಡುತ್ತದೆ ಎಂದು ಗಮನಿಸಿ. ಮೊದಲನೆಯದು ಅಕ್ಷರದ ಲೆಕ್ಕ. "ಹೋಗುತ್ತಿದ್ದೇನೆ" ಐದು ಅಕ್ಷರ, "ಹೋಗ್ತಿದೀನಿ" ನಾಲ್ಕು. ಪುಸ್ತಕದ ಕನ್ನಡ ಹಿಡಿದರೆ ಪಾತ್ರದ ಬಾಯಿ ಮುಚ್ಚಿದ ಮೇಲೂ ಮಾತು ಉಳಿದಿರುತ್ತದೆ, ಆಗ ಕಲಾವಿದರು ಓಡಿಸಿ ಓದುತ್ತಾರೆ. ಎರಡನೆಯದು ಕ್ರಿಯಾಪದ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಆದರೆ ಪಾತ್ರ ಬೀಳುವುದು ವಾಕ್ಯದ ಮೊದಲಿಗೆ. "ಅವನು ನೋಡು ಬಿದ್ದ" ಅನ್ನುವಷ್ಟರಲ್ಲಿ ಬಿದ್ದಾಗಿರುತ್ತದೆ. "ಬಿದ್ದ ನೋಡು ಅವನು" ಅಂದರೆ ಸರಿಯಾಗಿ ಕೂರುತ್ತದೆ. ಕನ್ನಡ ಈ ಹಿಂದುಮುಂದನ್ನು ಸಲೀಸಾಗಿ ತಾಳಿಕೊಳ್ಳುತ್ತದೆ, ಅನುವಾದಕರಿಗೆ ಧೈರ್ಯ ಬೇಕು ಅಷ್ಟೆ.

ಇಲ್ಲಿ ಹಳೆಯ ಮಿತ ಅನಿಮೇಷನ್‌ಗೇ ಲಾಭ. ಬಾಯಿಗೆ ಬೆರಳೆಣಿಕೆಯ ಆಕಾರಗಳಿದ್ದರೆ ಯಾವ ಭಾಷೆಯೂ ಹೊಂದುತ್ತದೆ. ಆರ್ಕೇನ್‌ನಂಥ ಸೂಕ್ಷ್ಮ ಮುಖಗಳಲ್ಲಿ ತುಟಿ ಮುಚ್ಚಿದ ಕಡೆ ಪ, ಬ, ಮ ಬರಲೇಬೇಕು, ಇಲ್ಲವಾದರೆ ಕಣ್ಣಿಗೆ ಚುಚ್ಚುತ್ತದೆ.

ಡಬ್ಬಿಂಗ್ ಸಿಗದಿದ್ದರೆ ಮಾತಿಲ್ಲದ ಸರಣಿ ಆರಿಸಿ. 1990ರ 'ಪಿಂಗು' ಮಣ್ಣಿನ ಗೊಂಬೆಗಳದ್ದು, ಪೆಂಗ್ವಿನ್‌ಗಳ ಭಾಷೆ ಯಾರಿಗೂ ಬಾರದ ಭಾಷೆ. 2007ರ 'ಶಾನ್ ದಿ ಶೀಪ್' ಏಳು ನಿಮಿಷದ ಕಂತು, ಒಂದೂ ಮಾತಿಲ್ಲ. ಮಗಳಿಗೆ ಒಂದು ಕಂತು ತೋರಿಸಿ, ಎರಡನೇ ಸಲ ಹಾಕಿದಾಗ ಅವಳೇ ಕುರಿಗಳಿಗೆ ಕನ್ನಡದಲ್ಲಿ ಮಾತು ಹಾಕಲಿ.

ಬಿಸಿಲೆಕಾಡು, ಸಕಲೇಶಪುರ

ನಿಮ್ಮ ರಟ್ಟಿನ ಡಬ್ಬದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಮುಂಚೆ "ಹಳೇದು ಮಸುಕು" ಅನ್ನೋದಕ್ಕೆ ಒಂದು ಉತ್ತರ. ಎಷ್ಟೋ ಸಲ ಅದು ತಲೆಕೆಳಗು. ಫ್ಲಿಂಟ್‌ಸ್ಟೋನ್ಸ್, 1964ರ 'ಜಾನಿ ಕ್ವೆಸ್ಟ್' ಎಲ್ಲ ಫಿಲ್ಮಿನ ಮೇಲೆ ಹಿಡಿದವು. ಫಿಲ್ಮ್ ಉಳಿದಿರೋದರಿಂದ ಹೊಸದಾಗಿ ಸ್ಕ್ಯಾನ್ ಮಾಡಿ 2019, 2020ರಲ್ಲಿ ಬ್ಲೂರೇ ತಂದ್ರು, ಕುಂಚದ ಗುರುತೂ ಕಾಣುತ್ತೆ. 1992ರ 'ಬ್ಯಾಟ್‌ಮ್ಯಾನ್'ದೂ 2018ರಲ್ಲಿ ಹಾಗೇ ಬಂತು. ಹಿನ್ನೆಲೆಗಳನ್ನ ಕಪ್ಪು ಕಾಗದದ ಮೇಲೆ ಬರೆದಿದ್ದು ಆಗ ಗೊತ್ತಾಗುತ್ತೆ. ಅವತಾರ್ 2005ರದ್ದಾದರೂ ಕಂಪ್ಯೂಟರಿನಲ್ಲಿ ಹಳೇ ಟಿವಿಯ ಅಳತೆಗೇ ಮುಗಿಸಿದ್ದು. ಅದರ ಬ್ಲೂರೇ ಕೂಡ ಚಿಕ್ಕದನ್ನ ಹಿಗ್ಗಿಸಿದ್ದೇ. ಅಂದ್ರೆ 1960ರದ್ದು 2005ರದ್ದಕ್ಕಿಂತ ಚೊಕ್ಕವಾಗಿ ಕಾಣಬಹುದು.

ಇದರಿಂದ ಡೇಟಾನೂ ಉಳಿಸಬಹುದು. ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ ಹೋಗುತ್ತೆ, ಎಸ್‌ಡಿಗೆ (ಹಳೇ ಟಿವಿಯ ಸ್ಪಷ್ಟತೆಗೆ) 1 ಜಿಬಿಯೊಳಗೆ. ಅವತಾರ್ ಥರದ್ದನ್ನ ಎಸ್‌ಡಿಯಲ್ಲೇ ನೋಡಿ, ಸ್ವಲ್ಪ ಹಿಂದೆ ಕೂತ್ಕೊಳ್ಳಿ. ಎಸ್‌ಡಿಗೆ ಚಿತ್ರದ ಎತ್ತರದ ಆರು ಪಟ್ಟು ದೂರ, ಎಚ್‌ಡಿಗೆ ಮೂರು ಪಟ್ಟು ಅನ್ನೋದು ಹಳೇ ಲೆಕ್ಕ. ನಿಮ್ಮ ಟಿವಿಗೆ 3.2 ಮೀಟರ್, 1.6 ಮೀಟರ್ ಆಯ್ತು.

ವಿಸಿಡಿಯ ಚಿತ್ರ 352 ಗುಣಿಸು 288 ಮಾತ್ರ, ಒಂದು ಡಿಸ್ಕಿಗೆ 74 ನಿಮಿಷ, ಅಂದ್ರೆ ಮೂರು ಕಂತು. ದೊಡ್ಡ ಟಿವೀಲಿ ಅದು ಮಸುಕೇ. ಲ್ಯಾಪ್‌ಟಾಪಿನಲ್ಲೇ ಚಿಕ್ಕದಾಗಿ ನೋಡಿ. ಡಿಸ್ಕಿನ ಎಂಪೆಗ್‌ಎವಿ (MPEGAV) ಫೋಲ್ಡರಿನ .DAT ಕಡತವನ್ನ ವಿಎಲ್‌ಸಿ ನೇರ ತೆರೆಯುತ್ತೆ. ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಾಗಿ ಅಲ್ಲ. ಸುತ್ತು ಗೀರು ಒಂದೇ ಕಡೆಯ ಮಾಹಿತಿಯನ್ನ ಉದ್ದಕ್ಕೂ ಕೆಡಿಸುತ್ತೆ, ಅಡ್ಡ ಗೀರನ್ನ ಯಂತ್ರವೇ ಸರಿದೂಗಿಸುತ್ತೆ. ವಿಸಿಡಿಯಲ್ಲಿ ಚಿತ್ರ ಅಂಟಿಸಿದ ಮೇಲ್ಭಾಗಕ್ಕೆ ಗೀರಾದ್ರೆ ಆಸೆ ಬಿಡಿ, ಬೆಳ್ಳಿಪದರ ಅದರ ಕೆಳಗೇ ಇರೋದು. ಡಿವಿಡಿಯಲ್ಲಿ ಅದು ನಡುವೆ ಇರೋದರಿಂದ ಅಷ್ಟು ಭಯವಿಲ್ಲ.

ಡಿವಿಡಿಯಲ್ಲಿ ಪಕ್ಕಕ್ಕೆ ಓಡೋ ಪಾತ್ರದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಂಡ್ರೆ ಅದು ಇಂಟರ್‌ಲೇಸ್, ಅಂದ್ರೆ ಒಂದು ಫ್ರೇಮನ್ನ ಬೆಸ ಗೆರೆ, ಸರಿ ಗೆರೆ ಅಂತ ಎರಡು ಸಲಕ್ಕೆ ತೋರಿಸೋದು. ವಿಎಲ್‌ಸಿಯ ವಿಡಿಯೊ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ ಯಾಡಿಫ್. ಅಮೆರಿಕದ 30 ಫ್ರೇಮಿನ ಡಿಸ್ಕಾದ್ರೆ ಫಿಲ್ಮ್ ಎನ್‌ಟಿಎಸ್‌ಸಿ ಮೋಡ್ ಹಾಕಿ, ಮೂಲ 24 ಫ್ರೇಮ್ ವಾಪಸ್ ಸಿಗುತ್ತೆ. ನಮ್ಮ ಟಿವಿಯ ಪಾಲ್ ಪದ್ಧತಿ ಸೆಕೆಂಡಿಗೆ 25 ಫ್ರೇಮಿನದು. 24ರದ್ದನ್ನ ಅದಕ್ಕೆ ಓಡಿಸುವಾಗ ನೂರಕ್ಕೆ ನಾಲ್ಕು ವೇಗ ಹೆಚ್ಚುತ್ತೆ. 22 ನಿಮಿಷದ ಕಂತು 21 ನಿಮಿಷ 7 ಸೆಕೆಂಡಿಗೆ ಮುಗಿಯುತ್ತೆ, ಹಾಡಿನ ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಮುಕ್ಕಾಲಿನ ಹತ್ತಿರ ಏರುತ್ತೆ. ಕಿವಿ ಸೂಕ್ಷ್ಮ ಇದ್ದೋರು ವೇಗ 0.96 ಇಟ್ಟು, ಆಡಿಯೊ ಸೆಟ್ಟಿಂಗಲ್ಲಿ ಟೈಮ್ ಸ್ಟ್ರೆಚಿಂಗ್ ಗುರುತು ತೆಗೀರಿ. ಆ ಗುರುತು ತೆಗೆಯದೆ ಹಾಗೇ ಇಟ್ರೆ ವೇಗ ಇಳಿಯುತ್ತೆ, ಶ್ರುತಿ ಇಳಿಯಲ್ಲ.

ಕ್ಯಾಸೆಟ್ಟನ್ನ ಮಾತ್ರ ತಕ್ಷಣ ಹಾಕಬೇಡಿ. ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ, ಬಲೆ ಥರ ಕಂಡ್ರೆ ಬೂಷ್ಟು. ಅದನ್ನ ಓಡಿಸಿದ್ರೆ ವಿಸಿಆರ್ ತಲೆಗೆ ಅಂಟಿ, ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್ಟಿಗೂ ಹರಡುತ್ತೆ. ಮೊದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಡಿ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿ, ಮನೆ ಹೊರಗೆ, ಮೆತ್ತನೆ ಕುಂಚದಲ್ಲಿ ಪುಡಿ ತೆಗೀರಿ. ಕಂಪ್ಯೂಟರಿಗೆ ಇಳಿಸುವಾಗ 720 ಗುಣಿಸು 576, 25 ಫ್ರೇಮ್, ಇಂಟರ್‌ಲೇಸ್ ಹಾಗೇ ಬಿಡಿ. ಬಾಚಣಿಗೆ ಬಿಡಿಸೋದು ಆಮೇಲೆ. ಡಿವಿ ಅನ್ನೋ ವಿಡಿಯೊ ಕಡತದ ರೂಪಕ್ಕೆ ಗಂಟೆಗೆ 13 ಜಿಬಿ ಜಾಗ ಬೇಕು. ಅಗ್ಗದ ಯುಎಸ್‌ಬಿ ಸಾಧನಗಳು ಫ್ರೇಮ್ ಬಿಟ್ಟು ಬಿಟ್ಟು ಹೋಗಿ ಮಾತು ಹಿಂದೆ ಬೀಳುತ್ತೆ, ಅದಕ್ಕೆ ಅರ್ಧ ಅರ್ಧ ಗಂಟೆಯ ತುಂಡು ಮಾಡಿ ಇಳಿಸಿ.

ಹೇಮಾವತಿದಂಡೆ, ಹಾಸನ

ಕ್ಯಾಸೆಟ್ ನೋಡಿದೆ, ಎರಡರಲ್ಲಿ ಬಿಳಿ ಬಲೆ ಇದೆ. ಡಬ್ಬಕ್ಕೆ ಹಾಕ್ತೀನಿ. ಒಂದು ಕೊನೇ ಪ್ರಶ್ನೆ: ಫ್ಲಿಂಟ್‌ಸ್ಟೋನ್ಸ್, ಟಾಮ್ ಅಂಡ್ ಜೆರ್ರಿ ಇಬ್ಬರಿಗೂ ಕಣ್ಮುಚ್ಚಿ ತೋರಿಸಬಹುದಾ?

ಹೊಯ್ಸಳಶಿಲೆ, ಹಳೇಬೀಡು

ಕಣ್ಮುಚ್ಚಿ ಬೇಡ. ಟಾಮ್ ಅಂಡ್ ಜೆರ್ರಿಯ 1940ರ ದಶಕದ ತುಣುಕುಗಳಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಚಿತ್ರಣ ಕೆಲವು ಕಡೆ ಇದೆ. ಫ್ಲಿಂಟ್‌ಸ್ಟೋನ್ಸ್ ಶುರುವಾದದ್ದು ರಾತ್ರಿಯ ಹೊತ್ತು ದೊಡ್ಡವರಿಗಾಗಿ, ಪ್ರಾಯೋಜಕರಲ್ಲಿ ಸಿಗರೇಟ್ ಕಂಪನಿಯೂ ಇತ್ತು, ಜಾಹೀರಾತಿನಲ್ಲಿ ಫ್ರೆಡ್ ಬಾರ್ನಿ ಇಬ್ಬರೂ ಸೇದುತ್ತಿದ್ದರು. ಕಂತುಗಳಲ್ಲಿ ಹೆಂಡತಿಯರಿಗೆ ಸುಳ್ಳು ಹೇಳುವ ಹಾಸ್ಯವೇ ಹೆಚ್ಚು. ಒಮ್ಮೆ ನೀವು ನೋಡಿ, ಆಮೇಲೆ ಅವರಿಗೆ. ಅಂಥ ದೃಶ್ಯ ಬಂದರೆ ನಿಲ್ಲಿಸಿ "ಆಗ ಹೀಗೆ ಮಾಡುತ್ತಿದ್ದರು, ತಪ್ಪು" ಎಂದು ಒಂದು ಮಾತು ಹೇಳಿದರೆ ಹನ್ನೊಂದರವನಿಗೆ ಅರ್ಥವಾಗುತ್ತದೆ.

ಟಾಮ್ ಯಾಕೋ ಬೇರೆ ಥರ ಕಾಣುತ್ತಾನೆ ಎಂದು ಮಗಳು ಕೇಳಿದರೆ ಇಸವಿ ನೋಡಿ. 1961, 62ರ 13 ತುಣುಕು ಪ್ರಾಗ್‌ನಲ್ಲಿ ಮಾಡಿದವು, ಸದ್ದೆಲ್ಲ ಬಾವಿಯೊಳಗಿನಿಂದ ಬಂದಂತಿರುತ್ತದೆ. 1963ರಿಂದ 67ರವರೆಗಿನ 34 ಚಕ್ ಜೋನ್ಸ್ ಅವರವು, ಟಾಮ್‌ಗೆ ದಪ್ಪ ಹುಬ್ಬು. 1954ರಿಂದ 58ರವರೆಗಿನ ಕೆಲವು ಸಿನೆಮಾಸ್ಕೋಪಿನಲ್ಲಿ, ಅಂದರೆ ತುಂಬ ಅಗಲದ ಚೌಕಟ್ಟಿನಲ್ಲಿ ತೆಗೆದವು. ಅವುಗಳಿಗೆ ಮಾತ್ರ ಕಪ್ಪು ಪಟ್ಟಿ ಪಕ್ಕದಲ್ಲಲ್ಲ, ಮೇಲೆ ಕೆಳಗೆ ಬರಬೇಕು.

ಬಿಸಿಲೆಕಾಡು, ಸಕಲೇಶಪುರ

ಸಿಲಿಕಾ ಜೆಲ್ ನೀಲಿ ಕಾಳಿನದು ತನ್ನಿ ಮೇಡಂ. ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ತುಂಬಿದೆ ಅಂತ ಅರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ನೀಲಿಯಾಗುತ್ತೆ. ಅಡುಗೆ ಪಾತ್ರೆಯಲ್ಲಿ ಬೇಡ, ಬೇರೆ ತಟ್ಟೆ ಇಟ್ಕೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ. ಎರಡು ವಾರ ಆದ ಮೇಲೂ ಬಲೆ ಒದ್ದೆಯಾಗಿ ಅಂಟಂಟಾಗಿದ್ರೆ ಇನ್ನೊಂದು ವಾರ.